ಗುಮ್ಮಟವಿಲ್ಲದ ಮಸೀದಿ

ಮಸೀದಿಯೆಂದೊಡನೆ ನಮ್ಮ ಕಣ್ಣ ಮುಂದೆ ಗುಮ್ಮಟವೂ ಮಿನಾರುಗಳೂ ಬಂದು ನಿಲ್ಲುತ್ತವೆ. ಕಂಬಗಳ ಮಂಟಪವೆಂದರೆ ದೇವಾಲಯವೆಂದುಕೊಳ್ಳುತ್ತೇವೆ. ಈ ಹಂಚಿಕೆಯು ಎಲ್ಲೆಡೆಯೂ ಸಲ್ಲದೆಂಬುದಕ್ಕೆ ಸಾಕ್ಷಿಯಾದ ಕಟ್ಟಡವೊಂದು ಕನ್ನಡನಾಡಿನಲ್ಲಿಯೇ ಇದೆ.

ಹಂಪಿಗೆ ಪ್ರವಾಸ ಹೋಗುವವರು ವಿರೂಪಾಕ್ಷನ ಗುಡಿಯನ್ನೂ ಕಲ್ಲಿನ ರಥವನ್ನೂ ನೋಡಿ ತೃಪ್ತರಾಗುತ್ತಾರೆ. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯ ಆಸುಪಾಸಿನಲ್ಲಿರುವ ಅಹಮದ್ ಖಾನನ ಮಸೀದಿಯತ್ತ ಹೊರಳುವವರು ವಿರಳ. ವಿಜಯನಗರದ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಈ ಅಧಿಕಾರಿಯು ಅದನ್ನು 1439ರಲ್ಲಿ ಕಟ್ಟಿಸಿದನು. ಕಲ್ಲಿನ ಕಂಬಗಳು, ಅವುಗಳ ಮೇಲೆ ಚಪ್ಪಟೆಯಾದ ಚಾವಣಿ, ಪೂರ್ವಕ್ಕೆ ತೆರೆದ ಮುಖ. ದೂರದಿಂದ ಕಂಡವರು ಗುಡಿಯ ಮುಂದಣ ಮಂಟಪವೆಂದೇ ಭಾವಿಸುವರು. ಒಳಹೊಕ್ಕರೆ ಮಾತ್ರ ಪಶ್ಚಿಮದ ಗೋಡೆಯಲ್ಲಿ ಪ್ರಾರ್ಥನೆಯ ದಿಕ್ಕನ್ನು ತೋರುವ ಕಮಾನಿನ ಗೂಡು ಕಾಣುತ್ತದೆ.

ಗುಮ್ಮಟವನ್ನು ಕಟ್ಟಲರಿಯದೆ ಹೀಗೆ ಮಾಡಿದರೆನ್ನುವಂತಿಲ್ಲ. ಸನಿಹದಲ್ಲಿಯೇ ಇರುವ ಗೋರಿಗೆ ಗುಮ್ಮಟವಿದೆ, ಕಮಾನುಗಳಿವೆ. ಎರಡು ಬಗೆಯ ಕಟ್ಟಡಗಳಿಗೂ ಆ ನಗರದಲ್ಲಿ ಎಡೆಯಿತ್ತು. ಪ್ರಾರ್ಥನೆಯ ಮನೆಗೆ ಊರಿನ ಶಿಲ್ಪಿಗಳ ಕೈಗೆ ಪಳಗಿದ ಮಂಟಪದ ರೂಪವೇ ಒಪ್ಪಿಗೆಯಾಯಿತು.

ಇನ್ನೂ ಹೆಚ್ಚಿನ ಮಾತನ್ನು ಅಲ್ಲಿಯ ಶಾಸನವು ಹೇಳುತ್ತದೆ. ಅದು ಕನ್ನಡದಲ್ಲಿದೆ. ದೊರೆ ದೇವರಾಯನಿಗೆ ಧರ್ಮವಾಗಲೆಂದು ಅಹಮದ್ ಖಾನನು ಈ ಧರ್ಮಶಾಲೆಯನ್ನು ಮಾಡಿಸಿದನೆಂಬುದು ಅದರ ತಾತ್ಪರ್ಯ. ಮಸೀದಿಯೆಂಬ ಪದವಿಲ್ಲದ ಮೇಲೆ ಇದು ಮಸೀದಿ ಹೇಗಾದೀತೆಂದು ಕೆಲವರು ಕೇಳಬಹುದು. ಪಶ್ಚಿಮದ ಗೂಡೇ ಅದಕ್ಕೆ ಉತ್ತರ. ತನ್ನ ಪ್ರಾರ್ಥನೆಯ ಮನೆಯನ್ನು ಧರ್ಮಶಾಲೆಯೆಂದು ಕರೆಯಲು ಅವನಿಗೆ ಸಂಕೋಚವಾಗಲಿಲ್ಲ. ಅದರ ಪುಣ್ಯವನ್ನು ಅನ್ಯಮತದ ದೊರೆಗೆ ಅರ್ಪಿಸಲೂ ಅಡ್ಡಿ ತೋರಲಿಲ್ಲ.

ಆ ಕಾಲದಲ್ಲಿ ಯುದ್ಧಗಳಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ದೇವರಾಯನೇ ಬಹಮನಿ ಸುಲ್ತಾನರೊಡನೆ ಹೋರಾಡಿದವನು. ಆದರೆ ಚರಿತ್ರೆಯಲ್ಲಿ ಕದನಗಳನ್ನು ಮಾತ್ರ ಓದಿ ಈ ಮಂಟಪವನ್ನು ಬಿಟ್ಟುಬಿಟ್ಟರೆ ನಮ್ಮ ತಿಳಿವಳಿಕೆ ಅರ್ಧವಾಗುತ್ತದೆ.

ಗೆಳೆಯರೇ, ನಾವು ಈ ನಗರದಲ್ಲಿ ಹುಟ್ಟಿ ಬೆಳೆದವರು. ಪೇಟೆಯಲ್ಲಿ ಪೇಟೆಯ ಮಾತನ್ನಾಡುತ್ತೇವೆ, ನೆರೆಯವರಂತೆ ಉಡುತ್ತೇವೆ. ಆದರೂ ಕನ್ನಡಿಗರಾಗಿಯೇ ಉಳಿದಿದ್ದೇವೆ. ಆ ಕಟ್ಟಡವೂ ಊರಿನ ಉಡುಪನ್ನು ಧರಿಸಿ ತನ್ನ ಪ್ರಾರ್ಥನೆಯನ್ನು ಉಳಿಸಿಕೊಂಡಿತು. ಅದನ್ನು ಅರಿಯಲು ನಮಗಿಂತ ತಕ್ಕವರಾರು? ಮುಂದೆ ಹಂಪಿಗೆ ಹೋದಾಗ ಕಲ್ಲಿನ ರಥವನ್ನು ನೋಡೋಣ. ಹಾಗೆಯೇ ಅರ್ಧ ಗಂಟೆಯನ್ನು ಈ ಧರ್ಮಶಾಲೆಗೂ ಮೀಸಲಿಡೋಣ.