ಹಬ್ಬ ಹೇಳಿಯೇ ಬರುತ್ತೆ, ಗಾಬರಿ ಯಾಕೆ?

ಕ್ರಿಸ್‌ಮಸ್ ಯಾವತ್ತು? ಡಿಸೆಂಬರ್ 25. ಹೋದ ವರ್ಷವೂ ಅವತ್ತೇ, ಮುಂದಿನ ವರ್ಷವೂ ಅವತ್ತೇ. ಗೌರಿ ಹಬ್ಬ, ದೀಪಾವಳಿಗಳಾದರೂ ಪಂಚಾಂಗದ ಪ್ರಕಾರ ಒಂದಿಷ್ಟು ಹಿಂದೆ ಮುಂದೆ ಸರಿಯುತ್ತವೆ. ನಮ್ಮ ಹಬ್ಬಕ್ಕೆ ಆ ತಂಟೆಯೂ ಇಲ್ಲ. ಆದರೂ ಡಿಸೆಂಬರ್ ಬಂತೆಂದರೆ ಸಾಕು, 'ಅಯ್ಯೋ, ಹಬ್ಬ ಬಂದೇ ಬಿಡ್ತಲ್ಲ, ದುಡ್ಡಿಗೇನು ಮಾಡೋದು?' ಎಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತೇವೆ. ಹೇಳದೆ ಕೇಳದೆ ನೆಂಟರು ಬಂದು ಬಾಗಿಲು ತಟ್ಟಿದ ಹಾಗೆ! ವರ್ಷಕ್ಕೆ ಮೊದಲೇ ತಾರೀಖು ಹೇಳಿ ಬರುವ ಹಬ್ಬಕ್ಕೆ ಇಷ್ಟು ಗಾಬರಿ ಯಾಕೆ?

ಇದನ್ನು ಕೇಳುವ ಹಕ್ಕು ನನಗಿದೆ. ಯಾಕೆಂದರೆ ಹಾಗೆ ಗಾಬರಿ ಬಿದ್ದವರಲ್ಲಿ ನಾನೇ ಮೊದಲನೆಯವಳು.

ಡಬ್ಬಿಯ ದುಡ್ಡಿನ ಕಥೆ

ಮದುವೆಯಾಗಿ ಬೆಂಗಳೂರಿಗೆ ಬರುವಾಗ ಅಮ್ಮ ಹೇಳಿದ್ದು ಒಂದೇ ಮಾತು: 'ಮನೆ ಖರ್ಚಿನಲ್ಲಿ ಅಷ್ಟೋ ಇಷ್ಟೋ ಉಳಿಸಿ ಎತ್ತಿಡು, ಯಾರಿಗೂ ಹೇಳಬೇಡ.' ನಾನೂ ಹಾಗೇ ಮಾಡಿದೆ. ತರಕಾರಿಯಲ್ಲಿ ಇಪ್ಪತ್ತು, ಹಾಲಿನಲ್ಲಿ ಹತ್ತು ಅಂತ ಉಳಿಸಿ, ಐನೂರು ಆದಾಗ ಒಂದು ನೋಟು ಮಾಡಿಸಿ ಉದ್ದಿನಬೇಳೆ ಡಬ್ಬಿಯ ತಳಕ್ಕೆ ಇಡುತ್ತಿದ್ದೆ. 2016ರ ನವೆಂಬರ್ ಹೊತ್ತಿಗೆ ಅದರಲ್ಲಿ ಹನ್ನೊಂದು ಸಾವಿರ ಇತ್ತು. ಆ ಸಲದ ಕ್ರಿಸ್‌ಮಸ್‌ಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ನವೆಂಬರ್ 8ರ ರಾತ್ರಿ ಟೀವಿಯಲ್ಲಿ ಪ್ರಧಾನಿಯವರು 500, 1000ದ ನೋಟು ನಡೆಯುವುದಿಲ್ಲ ಅಂದರು. ನನ್ನ ಎದೆ ಧಸಕ್ಕೆಂದಿತು. ನನ್ನ ಹೆಸರಲ್ಲಿ ಒಂದು ಬ್ಯಾಂಕ್ ಖಾತೆಯೂ ಇರಲಿಲ್ಲ. ಕೌಂಟರ್‌ನಲ್ಲಿ ಬದಲಾಯಿಸಿಕೊಳ್ಳೋಣ ಎಂದರೆ ಮೊದಲಿಗೆ ಕೊಡುತ್ತಿದ್ದದ್ದು ನಾಲ್ಕು ಸಾವಿರದವರೆಗೆ ಮಾತ್ರ. ಎರಡು ದಿನ ಒದ್ದಾಡಿ ಕೊನೆಗೆ ಇವರ ಮುಂದೆ ಡಬ್ಬಿ ಬೋರಲು ಹಾಕಿದೆ. ಇವರು ಬೈಯಲಿಲ್ಲ. 'ನನ್ನ ಹತ್ರ ಮುಚ್ಚಿಡುವಂಥದ್ದು ಏನಿತ್ತು?' ಎಂದಷ್ಟೇ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ದುಡ್ಡು ಅವರ ಖಾತೆಗೆ ಹೋಯಿತು. ಗ್ಯಾಸು, ಕರೆಂಟು, ಸ್ಕೂಟರ್ ರಿಪೇರಿ ಅಂತ ಹಬ್ಬದೊಳಗೆ ಕರಗಿಯೂ ಹೋಯಿತು. ಆ ವರ್ಷ ನನ್ನ ಥರ ಎಷ್ಟು ಗೃಹಿಣಿಯರ ಡಬ್ಬಿಗಳು ಬಯಲಾದವೋ ನಿಮಗೂ ನೆನಪಿರಬೇಕು.

ಅದಾದ ಮೇಲೆ ನನಗೆ ಉಳಿಸುವ ಮನಸ್ಸೇ ಹೋಯಿತು. ಬಂದಿದ್ದು ಬಂದಂತೆ ಖರ್ಚು. ಇವರ ಕಂಪನಿಯಲ್ಲಿ ಬೋನಸ್ ಕೊಡುವುದು ದೀಪಾವಳಿಗೆ. ಡಿಸೆಂಬರ್‌ಗೆ ಅದರ ನೆರಳೂ ಇರುವುದಿಲ್ಲ. 2018ರ ಕ್ರಿಸ್‌ಮಸ್‌ಗೆ ನನ್ನ ಎರಡು ಬಳೆ ಅಡವಿಟ್ಟೆವು. ಹೊಸ ಬಟ್ಟೆ, ಕೇಕು, ಬಿರಿಯಾನಿ ಎಲ್ಲಾ ಜೋರಾಗೇ ಆಯಿತು. ಜನವರಿಯಲ್ಲಿ ಮಗಳ ಸ್ಕೂಲಿನ ಮೂರನೇ ಕಂತಿನ ಫೀಸು ಕಟ್ಟಲು ಕೈಯಲ್ಲಿ ಕಾಸಿಲ್ಲ. ಬಳೆ ಬಿಡಿಸಿಕೊಂಡಾಗ ಗಣೇಶನ ಹಬ್ಬ ಕಳೆದಿತ್ತು.

ಅದಕ್ಕಿಂತ ನೋವಾಗಿದ್ದು ಬೇರೆ. ಮಾರನೇ ವರ್ಷ ಕಿಟಕಿಗೆ ನಕ್ಷತ್ರ ಕಟ್ಟುತ್ತಿದ್ದಾಗ ಆರು ವರ್ಷದ ಮಗಳು ಪಕ್ಕದ ಮನೆಯ ಹುಡುಗಿಗೆ ಹೇಳುತ್ತಿದ್ದಳು: 'ಕ್ರಿಸ್‌ಮಸ್ ಅಂದ್ರೆ ನಂಗಿಷ್ಟ, ಆದ್ರೆ ಆವಾಗ ಅಪ್ಪ ಅಮ್ಮ ಜಗಳ ಆಡ್ತಾರೆ.' ಏಣಿಯ ಮೇಲೆ ನಿಂತಿದ್ದ ನನಗೆ ಕೆಳಗಿಳಿಯಲು ಮುಖವಿರಲಿಲ್ಲ. ಶಾಂತಿಯ ಹಬ್ಬ ಅಂತ ನಾವು ಹೇಳಿಕೊಡುತ್ತೇವೆ. ಮಗು ಕಲಿತಿದ್ದು ಮಾತ್ರ ಇದು!

ಮೊದಲು ಪಟ್ಟಿ, ಆಮೇಲೆ ಉಳಿತಾಯ

ಆ ರಾತ್ರಿ ನಾನೂ ಇವರೂ ಒಂದು ಹಳೇ ನೋಟ್‌ಬುಕ್ ಹಿಡಿದು ಕೂತೆವು. ಹಿಂದಿನ ವರ್ಷ ನಿಜವಾಗಿ ಎಷ್ಟು ಖರ್ಚಾಗಿತ್ತು ಎಂದು ನೆನಪಿಸಿಕೊಂಡು ಬರೆದೆವು. ಅಲ್ಲಿಯವರೆಗೆ 'ಹತ್ತು ಸಾವಿರ ಆಗಬಹುದು' ಅಂದುಕೊಂಡಿದ್ದೆವು. ಕೂಡಿದರೆ ಇಪ್ಪತ್ಮೂರು ಸಾವಿರ! ಕೈಬಿಡಬಹುದಾದದ್ದನ್ನು ಕೈಬಿಟ್ಟು ಹೀಗೊಂದು ಪಟ್ಟಿ ಮಾಡಿದೆವು:

ನಾಲ್ವರ ಬಟ್ಟೆಗೆ 7000. ಕೇಕು, ಕಲ್ಕಲ್, ರೋಸ್ ಕುಕ್ಕೀಸ್, ಕಜ್ಜಾಯಕ್ಕೆ 3500. ಹಬ್ಬದೂಟಕ್ಕೆ 2500. ಊರಿಗೆ ಹೋಗಿ ಬರಲು 2000. ಮಕ್ಕಳ ಉಡುಗೊರೆಗೆ 1500. ಗೋದಲಿ, ನಕ್ಷತ್ರ, ಸೀರಿಯಲ್ ಲೈಟಿಗೆ 500. ಮನೆಗೆಲಸದವಳಿಗೆ ಮತ್ತು ಕೈಲಾಗದವರಿಗೆ 1000. ಒಟ್ಟು ಹದಿನೆಂಟು ಸಾವಿರ.

ಡಿಸೆಂಬರ್‌ನಲ್ಲಿ ಒಟ್ಟಿಗೆ ಹದಿನೆಂಟು ಸಾವಿರ ಎಂದರೆ ಬೆಟ್ಟ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಒಂದೂವರೆ ಸಾವಿರ, ದಿನಕ್ಕೆ ಐವತ್ತು ರೂಪಾಯಿ. ಲೆಕ್ಕ ಅಷ್ಟೇ. ನಿಮ್ಮ ಮನೆಯ ಮೊತ್ತ ಬೇರೆ ಇರಬಹುದು. ತಿಂಗಳಿಗೆ ಮುನ್ನೂರೇ ಸಾಧ್ಯವಾದರೆ ಮುನ್ನೂರೇ ಇಡಿ, ಹಬ್ಬವನ್ನು ಅದಕ್ಕೆ ತಕ್ಕಂತೆ ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಎಲ್ಲರೂ ಹೇಳುತ್ತೇವೆ, ಹಾಸಿಗೆಯನ್ನು ಅಳೆದು ನೋಡಿದವರು ಎಷ್ಟು ಜನ?

'ತಿಂಗಳ ಕೊನೆಗೆ ಏನಾದ್ರೂ ಉಳಿದ್ರೆ ತಾನೇ ಇಡೋದು?' ಅಂತೀರಾ? ಕೊನೆಗೆ ಯಾರ ಮನೆಯಲ್ಲೂ ಉಳಿಯುವುದಿಲ್ಲ ಕಣ್ರೀ. ಅದಕ್ಕೇ ಮೊದಲ ವಾರವೇ ಎತ್ತಿಟ್ಟುಬಿಡಬೇಕು. ಬಾಡಿಗೆ, ಹಾಲಿನ ದುಡ್ಡು ಇದ್ದ ಹಾಗೆ ಹಬ್ಬದ ದುಡ್ಡೂ ಒಂದು ಬಾಕಿ ಎಂದುಕೊಳ್ಳಿ.

ಎಲ್ಲಿಡಬೇಕು?

ಇದು ಬಲು ಮುಖ್ಯ. ಅಮೆರಿಕದಲ್ಲಿ ಇದಕ್ಕೆಂದೇ 'ಕ್ರಿಸ್‌ಮಸ್ ಕ್ಲಬ್' ಎಂಬ ಖಾತೆಗಳಿದ್ದವು. ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು 1909ರಲ್ಲಿ ಇದನ್ನು ಶುರು ಮಾಡಿತಂತೆ. ವರ್ಷವಿಡೀ ಚಿಲ್ಲರೆ ಕಟ್ಟುವುದು, ಹಬ್ಬಕ್ಕೆ ಮುಂಚೆ ಇಡಿಗಂಟು ಪಡೆಯುವುದು. ಸರಳ, ಸುರಕ್ಷಿತ.

ಆದರೆ ಇಂಗ್ಲೆಂಡಿನ ಫೇರ್‌ಪ್ಯಾಕ್ ಕಥೆ ಕೇಳಿ. ಅದು ಬ್ಯಾಂಕಲ್ಲ, ಕಂಪನಿ. ವಾರವಾರ ಸ್ವಲ್ಪ ಸ್ವಲ್ಪ ಕಟ್ಟಿದರೆ ಕ್ರಿಸ್‌ಮಸ್‌ಗೆ ತಿಂಡಿತಿನಿಸಿನ ಬುಟ್ಟಿ, ಅಂಗಡಿಯ ವೋಚರ್ ಕೊಡುತ್ತಿತ್ತು. ಪರಿಚಯದ ಹೆಂಗಸರೇ ಏಜೆಂಟರಾಗಿ ಬೀದಿಬೀದಿಯಲ್ಲಿ ದುಡ್ಡು ಸೇರಿಸುತ್ತಿದ್ದರು. 2006ರ ಅಕ್ಟೋಬರ್‌ನಲ್ಲಿ, ಹಬ್ಬಕ್ಕೆ ಎರಡೇ ತಿಂಗಳಿರುವಾಗ ಕಂಪನಿ ಮುಳುಗಿತು. ಲಕ್ಷಕ್ಕೂ ಹೆಚ್ಚು ಜನರ ದುಡ್ಡು ಹೋಯಿತು. ಹೆಚ್ಚಿನವರು ಬಡವರು, ಮಕ್ಕಳೊಂದಿಗರು. ವರ್ಷಗಟ್ಟಲೆ ಕಾದ ಮೇಲೆ ಅವರಿಗೆ ಸಿಕ್ಕಿದ್ದು ಕಟ್ಟಿದ್ದರಲ್ಲಿ ಸುಮಾರು ಅರ್ಧ. ಅವರದು ಸಾಲ ಮಾಡಿದ ತಪ್ಪಲ್ಲ ನೋಡಿ. ಉಳಿಸಿದವರೇ ಅವರು, ಉಳಿಸಿದ ಜಾಗ ಸರಿ ಇರಲಿಲ್ಲ.

ನಮ್ಮಲ್ಲೂ ಪಟಾಕಿ ಚೀಟಿ, ಯುಗಾದಿ ಚೀಟಿ, ಪಾತ್ರೆ ಚೀಟಿ ಅಂತ ಇಲ್ಲವೇ? ಎದುರು ಮನೆಯವರು ನಡೆಸುತ್ತಾರೆ, ಒಳ್ಳೆಯವರು ಎಂದು ಕಟ್ಟುತ್ತೇವೆ. ಒಳ್ಳೆಯವರಿಗೂ ಕಷ್ಟ ಬರುತ್ತದಲ್ಲ! ನೋಂದಣಿಯಾದ ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆಯ ಆಸರೆ ಇದೆ. ಬಾಯಿಮಾತಿನ ಚೀಟಿಗೆ ಬಾಯಿಮಾತೇ ಆಸರೆ.

ನನ್ನ ಆಯ್ಕೆ ಬ್ಯಾಂಕಿನ ಆರ್‌ಡಿ. ನವೆಂಬರ್ ಮೊದಲ ವಾರ ಹನ್ನೆರಡು ತಿಂಗಳಿಗೆ ತೆರೆದರೆ ಮುಂದಿನ ನವೆಂಬರ್‌ಗೆ ದುಡ್ಡು ಕೈಯಲ್ಲಿ. ಕೆಲವು ನೂರು ರೂಪಾಯಿ ಬಡ್ಡಿಯೂ ಸೇರಿ ಕೇಕಿನ ಗೋಡಂಬಿ ಖರ್ಚು ಕಳೆಯುತ್ತದೆ. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ವಿಮೆಯೂ ಇದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಒಳ್ಳೆಯದೇ, ಆದರೆ ವರ್ಷವರ್ಷದ ಹಬ್ಬಕ್ಕೆ ಒಗ್ಗುವುದಿಲ್ಲ. ಖಾತೆ ಮಾತ್ರ ನಿಮ್ಮ ಹೆಸರಲ್ಲೇ ಇರಲಿ. ಹಾಗೆಂದು ಗುಟ್ಟಾಗಿ ಬೇಡ. ಅಮ್ಮನ ಮಾತಿನಲ್ಲಿ ಅರ್ಧ ಸರಿ, ಅರ್ಧ ತಪ್ಪು ಎಂದು ನನಗೀಗ ಅನ್ನಿಸುತ್ತದೆ. ಎತ್ತಿಡಬೇಕು, ನಿಜ. ಮುಚ್ಚಿಡಬೇಕಿಲ್ಲ. ಗಂಡನಿಗೂ ಲೆಕ್ಕ ಗೊತ್ತಿದ್ದರೆ ಡಿಸೆಂಬರ್‌ನಲ್ಲಿ 'ಎಲ್ಲಾ ನೀನೇ ಖರ್ಚು ಮಾಡ್ತೀಯ' ಎಂಬ ಮಾತು ಬರುವುದಿಲ್ಲ.

ಕೊಳ್ಳುವುದೂ ವರ್ಷವಿಡೀ

ದುಡ್ಡು ಕೂಡಿಟ್ಟರೆ ಸಾಲದು, ಸಮಯ ನೋಡಿ ಕೊಳ್ಳುವುದೂ ಉಳಿತಾಯವೇ. ನಾನು ಮಾಡುವುದು ಹೀಗೆ:

* ಜನವರಿಯಲ್ಲಿ ನಕ್ಷತ್ರ, ಲೈಟು, ಅಲಂಕಾರದ ಸಾಮಾನು. ಹಬ್ಬ ಮುಗಿದ ಮೇಲೆ ಅಂಗಡಿಯವರು ಇಳಿಸಿದ ಬೆಲೆಗೆ ಕೊಡುತ್ತಾರೆ. ಗೋದಲಿಯ ಗೊಂಬೆಗಳನ್ನು ಹಳೇ ಬಟ್ಟೆಯಲ್ಲಿ ಸುತ್ತಿಟ್ಟರೆ ವರ್ಷವರ್ಷ ಕೊಳ್ಳಬೇಕಿಲ್ಲ.

* ಬಟ್ಟೆಗೆ ಆಷಾಢದ ಸೇಲ್. ಡಿಸೆಂಬರ್ ಕೊನೆ ವಾರ ಕಮರ್ಷಿಯಲ್ ಸ್ಟ್ರೀಟಿನ ನೂಕುನುಗ್ಗಲಿನಲ್ಲಿ ಬೆಲೆ ಕೇಳಲೂ ಪುರುಸೊತ್ತಿರುವುದಿಲ್ಲ. ಬೆಳೆಯುವ ಮಕ್ಕಳಿಗೆ ಒಂದು ಸೈಜ್ ದೊಡ್ಡದೇ ತನ್ನಿ.

* ಒಣದ್ರಾಕ್ಷಿ, ಗೋಡಂಬಿ, ಟೂಟಿಫ್ರೂಟಿಯನ್ನು ದಸರಾ ಬೇಡಿಕೆ ಏರುವ ಮುಂಚೆ. ಕೇಕಿಗೆ ಹಣ್ಣು ಹೇಗೂ ವಾರಗಟ್ಟಲೆ ರಮ್‌ನಲ್ಲಿ ನೆನೆಯಬೇಕು. ಬೇಡದವರು ಕಿತ್ತಳೆ ರಸದಲ್ಲಿ ನೆನೆಸಬಹುದು, ಆದರೆ ಅದನ್ನು ಹಬ್ಬದ ಹತ್ತಿರ ಮಾಡಿ.

* ಕಲ್ಕಲ್, ಕಜ್ಜಾಯ ಮಾಡಲು ಎರಡು ಮೂರು ಮನೆಯವರು ಸೇರಿ. ನಮ್ಮ ಪಕ್ಕದ ಮನೆಯ ಮಂಗಳೂರಿನ ಆಂಟಿ ಕುಸ್ವಾರ್‌ನ ನೆವ್ರಿ ಮಾಡುತ್ತಾರೆ, ನಾನು ಕಜ್ಜಾಯ ಮಾಡುತ್ತೇನೆ, ಅದಲುಬದಲು ಮಾಡಿಕೊಳ್ಳುತ್ತೇವೆ. ಖರ್ಚೂ ಕಡಿಮೆ, ಹರಟೆಯೂ ಬೋನಸ್!

ಒಂದು ಮಾತು. ಖರ್ಚು ಕಡಿಮೆ ಮಾಡಬೇಕೆಂದಾಗ ನಮ್ಮ ಕತ್ತರಿ ಮೊದಲು ಹೋಗುವುದು ಮನೆಗೆಲಸದವಳಿಗೆ ಕೊಡುವುದರ ಮೇಲೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬದಲ್ಲಿ ಬಡವರ ಪಾಲನ್ನೇ ಕತ್ತರಿಸಿದರೆ ಉಳಿದಿದ್ದು ಬರೀ ಕೇಕು. ಬೇಕಿದ್ದರೆ ನಮ್ಮ ಸೀರೆಯ ಬೆಲೆ ಐನೂರು ಇಳಿಸೋಣ.

ಯೋಜನೆ ಮುರಿದರೆ?

ಮುರಿಯಬಹುದು. 2020ರಲ್ಲಿ ಲಾಕ್‌ಡೌನ್ ಆಗಿ ಇವರ ಸಂಬಳ ಅರ್ಧಕ್ಕಿಳಿದಾಗ ನಮ್ಮ ಆರ್‌ಡಿಯನ್ನು ನಡುವೆಯೇ ಮುರಿದೆವು. ಬಡ್ಡಿ ಕಡಿಮೆ ಬಂತು, ಅಸಲಿಗೆ ಮೋಸವಾಗಲಿಲ್ಲ. ಹಬ್ಬದ ದುಡ್ಡು ಅಕ್ಕಿ ಬೇಳೆಗೆ ಹೋಯಿತು. ಆ ಸಲ ಹಳೇ ಬಟ್ಟೆ, ಮನೆಯಲ್ಲೇ ಮಾಡಿದ ಒಂದು ಸಣ್ಣ ಕೇಕು. ಆದರೆ ಬಳೆ ನನ್ನ ಕೈಯಲ್ಲೇ ಇದ್ದವು, ಯಾರ ಸಾಲವೂ ತಲೆಯ ಮೇಲಿರಲಿಲ್ಲ. ಗೋದಲಿಯ ಮುಂದೆ ನಾಲ್ಕೂ ಜನ ಕೂತು ಹಾಡಿದೆವು. ಹಬ್ಬದ ದುಡ್ಡು ಹಬ್ಬಕ್ಕಷ್ಟೇ ಅಲ್ಲ, ಆಪತ್ತಿಗೂ ಆಗುತ್ತದೆ ಎಂದು ಆವತ್ತು ಗೊತ್ತಾಯಿತು.

ನಾನು ಹೇಳಿದ್ದು ಕ್ರಿಸ್‌ಮಸ್ ಕಥೆ. ನಿಮ್ಮದು ವರಮಹಾಲಕ್ಷ್ಮಿ ಇರಬಹುದು, ಗೌರಿಯ ಬಾಗಿನ ಇರಬಹುದು, ರಂಜಾನ್ ಇರಬಹುದು. ಹಬ್ಬದ ಹೆಸರು ಬೇರೆ, ಗೃಹಿಣಿಯ ಲೆಕ್ಕ ಒಂದೇ. ಪಕ್ಕದ ಮನೆಯವರಿಗಿಂತ ದೊಡ್ಡ ಹಬ್ಬ ಮಾಡಿದ್ದನ್ನು ಮಕ್ಕಳು ನೆನಪಿಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ನಗು ಇತ್ತೋ ಇಲ್ಲವೋ ಎಂಬುದನ್ನು ಮರೆಯುವುದೂ ಇಲ್ಲ.

ಹೋದ ಸಲ ನಕ್ಷತ್ರ ಕಟ್ಟುವಾಗ ಮಗಳೇ ಏಣಿ ಹತ್ತಿದಳು, ಇವರು ಕೆಳಗೆ ಹಿಡಿದುಕೊಂಡಿದ್ದರು. ಜಗಳ ಆಯಿತು, ಇಲ್ಲವೆನ್ನುವುದಿಲ್ಲ. ನಕ್ಷತ್ರ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು! ಅಂಥ ಜಗಳ ಎಷ್ಟಾದರೂ ಇರಲಿ ಬಿಡಿ. ಏನಂತೀರಾ?