ಬದುಕಿದ್ದವರಿಗೆ ಜಾಗರಣೆ

ಐರ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಯಾರಾದರೂ ತೀರಿಕೊಂಡರೆ ಹೆಣವನ್ನು ಇರುಳು ಒಂಟಿಯಾಗಿ ಬಿಡುವ ವಾಡಿಕೆಯಿರಲಿಲ್ಲ. ನೆರೆಹೊರೆಯವರೆಲ್ಲ ಬಂದು ಸೇರಿ, ಹೊಗೆಸೊಪ್ಪು ಸೇದುತ್ತ, ಒಂದಿಷ್ಟು ಮದ್ಯ ಸೇವಿಸುತ್ತ, ಸತ್ತವರ ಗುಣಗಾನ ಮಾಡುತ್ತ ಬೆಳಗಿನವರೆಗೂ ಎಚ್ಚರವಾಗಿರುತ್ತಿದ್ದರು. ಹಾಡಿ ಅಳುವುದರಲ್ಲಿ ನುರಿತ ಹೆಂಗಸರು ನಡುನಡುವೆ ಶೋಕಗೀತವನ್ನು ಎತ್ತುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಜಾಗರಣೆಯು ಇನ್ನೊಂದು ಸಂದರ್ಭದಲ್ಲಿಯೂ ನಡೆಯತೊಡಗಿತು. ಅಲ್ಲಿ ಹೆಣವಿರಲಿಲ್ಲ. ಇಪ್ಪತ್ತರ ಆಸುಪಾಸಿನ ಮಗಳೊಬ್ಬಳು ಹೊಸ ಉಡುಪು ತೊಟ್ಟು, ಬಂದವರನ್ನೆಲ್ಲ ಮಾತನಾಡಿಸುತ್ತ ನಿಂತಿರುತ್ತಿದ್ದಳು. ಬೆಳಗಾದರೆ ಅವಳು ಅಮೆರಿಕೆಗೆ ಹೊರಡುವವಳು. ಜನರು ಇದನ್ನು ‘ಅಮೆರಿಕದ ಜಾಗರಣೆ’ ಎಂದೇ ಕರೆದರು.

ಬದುಕಿರುವ ಮಗಳಿಗೆ ಸಾವಿನ ಸಂಸ್ಕಾರವೇ ಎಂದು ವಾಚಕರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ತಾಯಿತಂದೆಗಳು ಲೆಕ್ಕ ತಪ್ಪಿದವರಲ್ಲ. ಇಟಲಿಯಿಂದ ಅಮೆರಿಕೆಗೆ ಹೋದವರಲ್ಲಿ ಬಹುಮಂದಿ ಕೆಲಕಾಲ ದುಡಿದು ಊರಿಗೆ ಮರಳಿದರು. ಐರ್ಲೆಂಡಿನಿಂದ ಹೋದವರಲ್ಲಿ ಮರಳಿದವರು ತೀರ ವಿರಳ. ಹೊಸಿಲು ದಾಟಿದ ಮಗಳ ಮುಖವನ್ನು ಮತ್ತೆ ನೋಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿ.

ಇಂಥ ಹೊರಡುವಿಕೆಯ ಸಿದ್ಧತೆಯು ಪೆಟ್ಟಿಗೆ ಕಟ್ಟುವ ದಿನ ಮೊದಲಾದುದಲ್ಲ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಬಡವರಿಗೆ ಅದೊಂದೇ ಆಹಾರ. ಮುಂದಿನ ಕೆಲವೇ ವರ್ಷಗಳಲ್ಲಿ ಹತ್ತು ಲಕ್ಷದಷ್ಟು ಜನರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅದಕ್ಕಿಂತ ಹೆಚ್ಚು ಜನರು ದೇಶ ಬಿಟ್ಟರು. ಅದಕ್ಕೆ ಮೊದಲು ಅನೇಕ ಕಡೆ ತಂದೆಯ ಹಿಡುವಳಿಯನ್ನು ಗಂಡುಮಕ್ಕಳಿಗೆಲ್ಲ ಹಂಚುವ ರೂಢಿಯಿತ್ತು. ಹಂಚಿ ಹಂಚಿ ಅಂಗೈಯಗಲವಾದ ನೆಲವು ಯಾರನ್ನೂ ಸಾಕದೆಂಬ ಪಾಠವನ್ನು ಕ್ಷಾಮವು ಕಲಿಸಿತು. ಅಂದಿನಿಂದ ಹಿಡುವಳಿಯೆಲ್ಲ ಒಬ್ಬ ಮಗನಿಗೆ, ಕೈಲಾದರೆ ಒಬ್ಬ ಮಗಳಿಗೆ ವರದಕ್ಷಿಣೆ, ಎಂಬ ಕಟ್ಟು ಬೇರೂರಿತು. ಉಳಿದ ನಾಲ್ಕೋ ಐದೋ ಮಕ್ಕಳ ಪಾಲಿಗೆ ಹಡಗು. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಬಗ್ಗೆಯೂ ಈ ತೀರ್ಮಾನವು ಆಗಿಹೋಗಿರುತ್ತಿತ್ತು.

ಹೋಗುವ ಖರ್ಚನ್ನು ಕೊಡುತ್ತಿದ್ದವರು ಮೊದಲೇ ಹೋದವರು. ಅಕ್ಕ ನ್ಯೂಯಾರ್ಕಿನಲ್ಲೋ ಬಾಸ್ಟನ್ನಿನಲ್ಲೋ ಶ್ರೀಮಂತರ ಮನೆಗೆಲಸ ಮಾಡಿ ಉಳಿಸಿದ ಹಣದಿಂದ ತಂಗಿಗೆ ಟಿಕೆಟ್ಟು ತೆಗೆದು ಕಳುಹಿಸುವಳು. ತಂಗಿ ಹೋಗಿ ತಮ್ಮನಿಗೆ ಕಳುಹಿಸುವಳು. ಯೂರೋಪಿನ ಇತರ ದೇಶಗಳಿಂದ ಹೊರಟವರಲ್ಲಿ ಗಂಡಸರೇ ಹೆಚ್ಚು. ಐರ್ಲೆಂಡಿನಿಂದ ಹೆಂಗಸರೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ, ಅದೂ ಮದುವೆಯಿಲ್ಲದ ಹುಡುಗಿಯರು ಒಂಟಿಯಾಗಿ ಹೊರಟರು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ಕಚೇರಿಯು 1892ರ ಜನವರಿ 1ರಂದು ಬಾಗಿಲು ತೆರೆದಾಗ ಮೊದಲು ಹೆಸರು ಬರೆಸಿದವಳು ಕಾರ್ಕ್ ಪ್ರಾಂತದ ಆನಿ ಮೂರ್ ಎಂಬ ಹದಿನೇಳು ವರ್ಷದ ಹುಡುಗಿ. ಇಬ್ಬರು ತಮ್ಮಂದಿರನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು. ತಂದೆತಾಯಿಗಳು ಮುಂಚೆಯೇ ಅಲ್ಲಿಗೆ ಹೋಗಿ ನೆಲೆಸಿದ್ದರು. ಅಧಿಕಾರಿಗಳು ಅವಳ ಕೈಗೆ ಹತ್ತು ಡಾಲರಿನ ಚಿನ್ನದ ನಾಣ್ಯವನ್ನಿತ್ತರು.

ಸಿದ್ಧತೆಗಳಲ್ಲೆಲ್ಲ ದೊಡ್ಡದು ಬೇರೆಯೇ ಇತ್ತು. ಪಶ್ಚಿಮ ತೀರದ ಬಡ ಜಿಲ್ಲೆಗಳಲ್ಲಿ ಮನೆಮಾತು ಐರಿಷ್. ಹಡಗು ಹತ್ತುವವರಿಗೆ ಅದರಿಂದ ಏನು ಪ್ರಯೋಜನ? ಕೆಲಸ ಕೊಡುವವರ ಮಾತು ಇಂಗ್ಲಿಷ್. 1831ರಲ್ಲಿ ಆರಂಭವಾದ ಸರ್ಕಾರಿ ಶಾಲೆಗಳೂ ಇಂಗ್ಲಿಷಿನಲ್ಲಿಯೇ ಕಲಿಸಿದವು. ಮಕ್ಕಳ ನಾಲಗೆಯಿಂದ ಐರಿಷನ್ನು ಬಿಡಿಸುವುದಕ್ಕೆ ಒಂದು ಉಪಾಯವಿತ್ತು. ಮಗುವಿನ ಕೊರಳಿಗೆ ದಾರದಲ್ಲಿ ಸಣ್ಣ ಕೋಲೊಂದನ್ನು ಕಟ್ಟುವುದು. ಐರಿಷ್ ಮಾತನಾಡಿದಾಗಲೆಲ್ಲ ಅದರ ಮೇಲೆ ಚಾಕುವಿನಿಂದ ಒಂದು ಕಚ್ಚು ಕೊರೆಯುವುದು. ಕಚ್ಚುಗಳನ್ನು ಎಣಿಸಿ ಉಪಾಧ್ಯಾಯರು ಶಿಕ್ಷೆ ಕೊಡುವುದು. ಆಸ್ಕರ್ ವೈಲ್ಡನ ತಂದೆಯಾದ ವಿಲಿಯಂ ವೈಲ್ಡನು 1852ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ತಾನು ಕಂಡ ದೃಶ್ಯವನ್ನು ಬರೆದಿಟ್ಟಿದ್ದಾನೆ. ಮಗುವು ತನ್ನ ನುಡಿಯಲ್ಲಿ ಏನೋ ಹೇಳಿತು. ತಂದೆಯು ಮರುಮಾತನಾಡದೆ ಹತ್ತಿರಕ್ಕೆ ಕರೆದು ಕೊರಳ ಕೋಲಿನ ಮೇಲೆ ಕಚ್ಚು ಹಾಕಿದನು. ಆ ತಂದೆಗೆ ಐರಿಷಿನ ಹೊರತು ಬೇರೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಆ ನುಡಿಯ ಮೇಲೆ ಪ್ರೀತಿಯಿಲ್ಲವೇ ಎಂದು ಕೇಳಿದುದಕ್ಕೆ, ಉಂಟೆಂದು ಕಣ್ಣರಳಿಸಿ ನುಡಿದನಂತೆ. ಆದರೆ ಮಕ್ಕಳಿಗೆ ವಿದ್ಯೆ ಬೇಕು, ಶಾಲೆಯಲ್ಲಿ ಐರಿಷ್ ಇಲ್ಲ, ಇಂಗ್ಲಿಷೇ ಗತಿಯೆಂದನು. ಅವನನ್ನು ಕಟುಕನೆಂದು ಜರೆಯುವುದು ಸುಲಭ. ಕನ್ನಡ ನಾಡಿನ ತಂದೆತಾಯಿಗಳಿಗೆ ಮಾತ್ರ ಅಷ್ಟು ಸುಲಭವಾಗಲಾರದು.

1851ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು ಹದಿನೈದು ಲಕ್ಷವಿದ್ದರು. 1891ರಲ್ಲಿ ಏಳು ಲಕ್ಷಕ್ಕಿಂತ ಕಡಿಮೆಯಾದರು. ಕ್ಷಾಮದಲ್ಲಿ ಸತ್ತವರೂ ಹಡಗು ಹತ್ತಿದವರೂ ಹೆಚ್ಚಾಗಿ ಆ ನುಡಿಯವರೇ ಎಂಬುದು ಇದಕ್ಕೆ ಒಂದು ಕಾರಣ. ಉಳಿದವರು ಮುಂದೆ ಹೊರಡಲಿರುವ ಮಕ್ಕಳಿಗೆ ಅದನ್ನು ಕೊಡದೆ ಹೋದುದು ಇನ್ನೊಂದು.

ಇಷ್ಟೆಲ್ಲ ಆದಮೇಲೆ ಆ ರಾತ್ರಿ ಬರುತ್ತಿತ್ತು. ಹೊರಡುವವಳು ಹಿಂದಿನ ದಿನಗಳಲ್ಲಿಯೇ ಬಂಧುಗಳ ಮನೆಮನೆಗೂ ಹೋಗಿ ಕರೆದು ಬಂದಿರುವಳು. ಪಿಟೀಲು ನುಡಿಸುವವನು ಬರುವನು, ಕುಣಿತ ನಡೆಯುವುದು. ತರುಣರಿಗೆ ಅದು ಹಬ್ಬದಂತೆಯೇ ಇರುತ್ತಿತ್ತೆಂದು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಪಾದ್ರಿಗಳು ಈ ಕುಡಿತ ಕುಣಿತಗಳನ್ನು ಆಕ್ಷೇಪಿಸಿದರೂ ಯಾರೂ ಕಿವಿಗೊಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಪಿಟೀಲು ನಿಂತು ಹೆಂಗಸರ ಅಳು ಮೇಲೇಳುತ್ತಿತ್ತು. ಆ ಶೋಕಗೀತಕ್ಕೆ ಇಂಗ್ಲಿಷ್ ಒದಗುತ್ತಿರಲಿಲ್ಲ. ಕೊರಳಿಗೆ ಕೋಲು ಕಟ್ಟಿಸಿ ಬಿಡಿಸಿದ್ದ ನುಡಿಯಲ್ಲಿಯೇ ತಾಯಿಯು ಮಗಳನ್ನು ಕರೆದು ಅಳುತ್ತಿದ್ದಳು.

ಬೆಳಿಗ್ಗೆ ಎಲ್ಲರೂ ಒಂದಷ್ಟು ದೂರ ಜೊತೆಗೆ ನಡೆಯುವರು. ಡೊನೆಗಾಲ್ ಪ್ರಾಂತದಲ್ಲಿ, ಮಕಿಶ್ ಬೆಟ್ಟದ ಕಣಿವೆಯ ದಾರಿಯಲ್ಲಿ ಒಂದು ಚಿಕ್ಕ ಕಲ್ಲುಸೇತುವೆಯಿದೆ. ಬಂಧುಗಳು ಅಲ್ಲಿಯವರೆಗೆ ಬಂದು ನಿಲ್ಲುತ್ತಿದ್ದರು. ಹೊರಟವರು ಅಲ್ಲಿಂದ ದೂರದ ಡೆರಿ ಬಂದರಿನ ಕಡೆಗೆ ನಡೆದುಹೋಗುತ್ತಿದ್ದರು. ‘ಕಣ್ಣೀರಿನ ಸೇತುವೆ’ ಎಂಬ ಹೆಸರು ಅದಕ್ಕೆ ಇಂದಿಗೂ ನಿಂತಿದೆ. ಬಳಿಯಲ್ಲಿ ಐರಿಷಿನಲ್ಲಿ ಕೊರೆದ ಕಲ್ಲೊಂದನ್ನು ನಿಲ್ಲಿಸಿದ್ದಾರೆ.

ತರುವಾಯ ಉಳಿಯುತ್ತಿದ್ದುದು ಅಂಚೆ. ಅಮೆರಿಕದಿಂದ ಬರುತ್ತಿದ್ದ ಕಾಗದವು, ವಿಶೇಷವಾಗಿ ಕ್ರಿಸ್‌ಮಸ್ ವೇಳೆಗೆ ಬಂದದ್ದು, ಬಾಡಿಗೆ ಬಾಕಿಯನ್ನೂ ಅಂಗಡಿಯ ಸಾಲವನ್ನೂ ತೀರಿಸುತ್ತಿತ್ತು. ಅದು ಇಂಗ್ಲಿಷಿನಲ್ಲಿರುತ್ತಿತ್ತು; ಐರಿಷನ್ನು ಬರೆಯುವುದನ್ನು ಯಾವ ಶಾಲೆಯೂ ಮಗಳಿಗೆ ಕಲಿಸಿರಲಿಲ್ಲ. ಇಂಗ್ಲಿಷ್ ಬಾರದ ಮನೆಗಳಲ್ಲಿ ಶಾಲೆಯ ಮೇಷ್ಟರೋ ಪಾದ್ರಿಯೋ ಅದನ್ನು ಓದಿ ಅರ್ಥ ಹೇಳಬೇಕು. ತಾಯಿ ಹೇಳಿದುದನ್ನು ಅವರೇ ಇಂಗ್ಲಿಷಿಗೆ ತಿರುಗಿಸಿ ಉತ್ತರ ಬರೆಯಬೇಕು. ಮೇಷ್ಟರ ಮುಂದೆ ಬಾಯಿಬಿಟ್ಟು ಏನನ್ನು ಹೇಳಲಾದೀತು? ಆರೋಗ್ಯ, ಹವೆ, ಹಸು ಈದ ಸುದ್ದಿ. ಕೆಲವು ಲಕೋಟೆಗಳಲ್ಲಿ ಹಣದ ಜೊತೆಗೆ ಕಿರಿಯವಳಿಗೆಂದು ತೆಗೆಸಿದ ಹಡಗಿನ ಟಿಕೆಟ್ಟೂ ಇರುತ್ತಿತ್ತು. ಆಗ ಆ ಮನೆಯಲ್ಲಿ ಮತ್ತೊಮ್ಮೆ ಹೊಸ ಉಡುಪಿಗೆ ಬಟ್ಟೆ ತರುತ್ತಿದ್ದರು.