ಪಾಸುಪುಸ್ತಕದ ಮಾನ



ಆಟಿ ತಿಂಗಳ ಒಂದು ಸಾಯಂಕಾಲ. ಆಗುಂಬೆಯ ಘಟ್ಟದಿಂದ ಇಳಿದು ಬಂದ ಮಳೆಯು ಮೂರು ದಿನಗಳಿಂದ ನಮ್ಮ ಹೆಬ್ರಿಯನ್ನು ಬಿಟ್ಟಿರಲಿಲ್ಲ. ನಾನು ಜಗಲಿಯಲ್ಲಿ ಕುಳಿತು ಹಳೆಯದೊಂದು ವ್ಯಾಕರಣಗ್ರಂಥಕ್ಕೆ ಹಿಡಿದ ಬೂಷ್ಟನ್ನು ಒರೆಸುತ್ತಿದ್ದೆನು. ಆಗ ನೆರೆಯ ವೃದ್ಧೆಯೊಬ್ಬರು ಬಂದು, ಕೊಡೆಯನ್ನು ಮಡಚಿ ಮೆಟ್ಟಿಲ ಬಳಿ ಇರಿಸಿ, ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ತೊಟ್ಟೆಯನ್ನು ಹೊರತೆಗೆದರು. ಅದರೊಳಗೆ ಇನ್ನೊಂದು ತೊಟ್ಟೆ; ಅದರೊಳಗೆ ಬ್ಯಾಂಕಿನ ಪಾಸುಪುಸ್ತಕ.

"ಮಾಷ್ಟ್ರೇ, ಇದರಲ್ಲಿ ಎಷ್ಟುಂಟೆಂದು ಮೆಲ್ಲನೆ ಓದಿ ಹೇಳಿ" ಎಂದರು.

ಜಗಲಿಯಲ್ಲಿ ನಾವಿಬ್ಬರಲ್ಲದೆ ಮೂರನೆಯವರಿರಲಿಲ್ಲ. ಹೊರಗೆ ಮಳೆಯ ಸದ್ದಿನಲ್ಲಿ ಕೂಗಿ ಹೇಳಿದರೂ ಅಂಗಳದಾಚೆಗೆ ಕೇಳಿಸುವಂತಿರಲಿಲ್ಲ. ಆದರೂ ಆಕೆ ಹೇಳಿದ್ದು "ಮೆಲ್ಲನೆ" ಎಂದೇ. ನಾನೂ ಮೆಲ್ಲನೆಯೇ ಓದಿದೆನು. ಮೊತ್ತವನ್ನು ಇಲ್ಲಿ ಬರೆಯಲಾರೆ. 10,000 ರೂಪಾಯಿಗಳಿಗೆ ತುಸು ಮಿಕ್ಕಿತ್ತೆಂದರೆ ಸಾಕು. ಇಷ್ಟನ್ನಾದರೂ ಆಕೆಯ ಒಪ್ಪಿಗೆಯನ್ನು ಕೇಳಿ ಪಡೆದೇ ಬರೆಯುತ್ತಿದ್ದೇನೆ.

ಆಕೆಯ ಮುಖ ಬಾಡಿತು. "ಹಾಗಾದರೆ ನನ್ನ ಪಿಂಚಣಿ ನಿಲ್ಲುತ್ತದೆ ಅಲ್ಲವೆ? ಸರಕಾರದವರು ಬಡವರ ಖಾತೆಗಳನ್ನೆಲ್ಲ ನೋಡುತ್ತಾರಂತೆ, ಹತ್ತು ಸಾವಿರಕ್ಕೆ ಮೇಲಿದ್ದವರದ್ದು ರದ್ದಂತೆ. ಅಂಗಡಿಯಲ್ಲಿ ಹೇಳುತ್ತಿದ್ದರು. ನಾನು ಕದ್ದದ್ದಲ್ಲ ಮಾಷ್ಟ್ರೇ. ಕಣ್ಣು ಕಾಣುವ ತನಕ ಬೀಡಿ ಕಟ್ಟಿದ್ದು, ಮತ್ತೆ ಪಿಂಚಣಿಯಲ್ಲಿ ಉಳಿಸಿದ್ದು. ನನ್ನ ಕೊನೆಯ ಕಾರ್ಯಕ್ಕೆ ಮಕ್ಕಳು ಸಾಲ ಮಾಡಬಾರದೆಂದು ಇಟ್ಟದ್ದು. ಇದನ್ನು ತೆಗೆದು ಮನೆಯಲ್ಲಿ ಇಟ್ಟುಕೊಳ್ಳಲೇ?"

ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಅಭ್ಯಾಸವಾದ ನನಗೆ ಅಂದು ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನೇ ಈ ತಿಂಗಳು ತಮ್ಮ ಮುಂದೆ ಇಡುತ್ತಿದ್ದೇನೆ.

ಅಂಗಡಿಯ ಮಾತು ಸಂಪೂರ್ಣ ಕಟ್ಟುಕತೆಯೇನೂ ಅಲ್ಲ. ನಮ್ಮ ರಾಜ್ಯದಲ್ಲಿ 65 ವರ್ಷ ತುಂಬಿದ ಬಡ ವೃದ್ಧರಿಗಾಗಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿದರು. ಅದರ ಮೊದಲಿನ ನಿಯಮಗಳಲ್ಲಿ ದಂಪತಿಗಳ ವಾರ್ಷಿಕ ವರಮಾನವು 20,000 ರೂಪಾಯಿಗಳನ್ನು ಮೀರಕೂಡದೆಂದೂ, ಅವರ ಬ್ಯಾಂಕು ಠೇವಣಿಗಳ ಒಟ್ಟು ಮೊತ್ತವು 10,000 ರೂಪಾಯಿಗಳನ್ನು ಮೀರಕೂಡದೆಂದೂ ವಿಧಿಸಲಾಗಿತ್ತು. ಅಂದಿನ ಮಾಸಾಶನ 400 ರೂಪಾಯಿ. ಕ್ರಮೇಣ ಅದು ಏರಿ 2021ರಲ್ಲಿ 1,200 ರೂಪಾಯಿಗಳಾಯಿತು. ಈಗ ಸ್ಲೇಟು ಹಿಡಿದು ಆ ಹಳೆಯ ಮಿತಿಯ ಲೆಕ್ಕವನ್ನು ಮಾಡಿ ನೋಡೋಣ. ತಿಂಗಳಿಗೆ 400 ರೂಪಾಯಿಯಂತೆ ಒಂದು ಕಾಸನ್ನೂ ಮುಟ್ಟದೆ ಇಟ್ಟರೆ 10,000 ಆಗುವುದಕ್ಕೆ 25 ತಿಂಗಳು ಬೇಕು. 1,200ರಂತೆ ಇಟ್ಟರೆ ಒಂಬತ್ತೇ ತಿಂಗಳಲ್ಲಿ 10,800 ಆಗಿ ಮಿತಿ ಮೀರಿಹೋಗುತ್ತದೆ. ಅಂದರೆ, ಸರಕಾರವೇ ಕೊಟ್ಟ ಹಣವನ್ನು ಸರಕಾರವೇ ತೆರೆಯಿಸಿದ ಖಾತೆಯಲ್ಲಿ ಮಿತವ್ಯಯದಿಂದ ಉಳಿಸಿದವಳು ಆ ಕಾರಣಕ್ಕಾಗಿಯೇ ಅನರ್ಹಳೆನಿಸುವಳು! ಅದೇ ಹಣವನ್ನು ಖರ್ಚುಮಾಡಿ ಮುಗಿಸಿದವಳು ಅರ್ಹಳಾಗಿಯೇ ಉಳಿಯುವಳು. ನಾವು ಶಾಲೆಯಲ್ಲಿ ಮಕ್ಕಳಿಗೆ ಬೋಧಿಸಿದ ಉಳಿತಾಯದ ಪಾಠಕ್ಕೆ ಇದು ವಿಪರೀತವಲ್ಲವೆ?

ಉಳಿತಾಯವೆಂಬುದು ನಮ್ಮ ಈ ಕರಾವಳಿಯ ಕುಲವಿದ್ಯೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ತಳಹದಿ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಶನ್ ಬ್ಯಾಂಕು ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿಯೇ ಆರಂಭವಾದ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಹೊಸ ಪದ್ಧತಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಬ್ಯಾಂಕಿನ ಏಜೆಂಟರು ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದರು. ನನ್ನ ಬಾಲ್ಯದಲ್ಲಿ ನಮ್ಮ ತಾಯಿಯವರಿಗೂ ಒಂದು ಪಿಗ್ಮಿ ಖಾತೆ ಇತ್ತು. ಅದರಲ್ಲಿ ಎಷ್ಟಿದೆಯೆಂಬುದು ತಂದೆಯವರಿಗೂ ತಿಳಿಯದು. ಏಜೆಂಟರು ತಂದೆಯವರಿಗೆ ಪರಿಚಿತರೇ ಆಗಿದ್ದರೂ ಆ ವಿಷಯವಾಗಿ ಬಾಯಿಬಿಟ್ಟವರಲ್ಲ. ಅಕ್ಕನ ಮದುವೆಯ ಕಾಲಕ್ಕೆ ಆ ಹಣ ಹೊರಬಂದಾಗ ಮನೆಯವರೆಲ್ಲ ಬೆರಗಾದೆವು. ಗುಟ್ಟು ಉಳಿಯುವುದೆಂಬ ಭರವಸೆ ಇದ್ದುದರಿಂದಲೇ ಆ ಕಾಲದ ಗೃಹಿಣಿಯರು ಸಾಸಿವೆ ಡಬ್ಬಿಯ ಹಣವನ್ನು ಬ್ಯಾಂಕಿಗೆ ಒಪ್ಪಿಸಿದರು.

ಈ ಭರವಸೆಗೆ ಕಾನೂನಿನ ಆಧಾರವೂ ಉಂಟು. 1969ರಲ್ಲಿ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕೃತವಾದ ಮೇಲೆ 1970ರಲ್ಲಿ ಮಾಡಿದ ಶಾಸನವು, ಕಾನೂನಿಗೂ ಬ್ಯಾಂಕು ವ್ಯವಹಾರದ ಸಂಪ್ರದಾಯಕ್ಕೂ ಅನುಸಾರವಾಗಿ ಹೊರತು ಗ್ರಾಹಕರ ವಿಷಯವನ್ನು ಹೊರಗೆಡಹಕೂಡದೆಂದು ಬ್ಯಾಂಕುಗಳಿಗೆ ವಿಧಿಸಿದೆ. ಬಳಿಕ ಆಂಧ್ರಪ್ರದೇಶದಲ್ಲಿ ಮುದ್ರಾಂಕ ಕಾನೂನಿನ ತಿದ್ದುಪಡಿಯೊಂದರ ಬಲದಿಂದ, ಕಲೆಕ್ಟರರು ನಿಯಮಿಸಿದ ಯಾರಾದರೂ ಬ್ಯಾಂಕಿನೊಳಗಿನ ಕಾಗದಪತ್ರಗಳನ್ನು ಪರೀಕ್ಷಿಸಬಹುದೆಂದಾಯಿತು. ನಮ್ಮ ಕೆನರಾ ಬ್ಯಾಂಕು ಈ ವಿಷಯವಾಗಿ ಹೋರಾಡಿತು. 2004ರಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಪಕ್ಷವನ್ನೇ ಎತ್ತಿಹಿಡಿಯಿತು. ಗೌಪ್ಯವು ಸ್ಥಳಕ್ಕೆ ಸಂಬಂಧಿಸಿದ್ದಲ್ಲ, ವ್ಯಕ್ತಿಗೆ ಸಂಬಂಧಿಸಿದ್ದು. ಕಾಗದವನ್ನು ಬ್ಯಾಂಕಿನ ವಶಕ್ಕೆ ಕೊಟ್ಟ ಮಾತ್ರಕ್ಕೆ ಅದರ ಮೇಲಿನ ಗೌಪ್ಯದ ಹಕ್ಕು ಅಳಿಯುವುದಿಲ್ಲವೆಂಬುದು ಆ ತೀರ್ಪಿನ ತಿರುಳು.

ಮುಂದೆ ಇನ್ನೊಬ್ಬ ಕನ್ನಡಿಗರು ಈ ಕಾರ್ಯವನ್ನು ಕೈಗೆತ್ತಿಕೊಂಡರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಏಕಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಪುಟ್ಟಸ್ವಾಮಿಯವರು 2024ರಲ್ಲಿ ಸ್ವರ್ಗಸ್ಥರಾದರು. ಅವರ ಹೆಸರು ಆ ತೀರ್ಪಿನೊಡನೆ ಉಳಿದುಕೊಂಡಿತು.

ಆದರೆ ಇಲ್ಲೊಂದು ಸೂಕ್ಷ್ಮ ಉಂಟು. 2018ರ ಸೆಪ್ಟೆಂಬರ್ 26ರಂದು ಅದೇ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠವು ಬಹುಮತದಿಂದ ಎರಡು ಮಾತುಗಳನ್ನು ಹೇಳಿತು. ಪ್ರತಿಯೊಬ್ಬರ ಬ್ಯಾಂಕು ಖಾತೆಗೂ ಆಧಾರ್ ಸಂಖ್ಯೆಯನ್ನು ಜೋಡಿಸಲೇಬೇಕೆಂಬ ನಿಯಮವು ಸಲ್ಲದೆಂಬುದು ಒಂದು. ಸರಕಾರದ ಸಹಾಯಧನವನ್ನು ಪಡೆಯುವವರು ಮಾತ್ರ ಆಧಾರ್ ಕೊಡಬೇಕೆಂಬ ನಿಯಮವು ಸಲ್ಲುವುದೆಂಬುದು ಇನ್ನೊಂದು. ಕಾನೂನಿನ ತರ್ಕ ಹೇಗೇ ಇರಲಿ, ವ್ಯವಹಾರದಲ್ಲಿ ಆದುದಿಷ್ಟು: ಸ್ಥಿತಿವಂತನು ಬೇಡವೆಂದರೆ ಅವನ ಖಾತೆ ಅವನಷ್ಟಕ್ಕಿರುವುದು, ಮಾಸಾಶನದ ಮುದುಕಿಗೆ ಬೇಡವೆನ್ನುವ ಮಾರ್ಗವಿಲ್ಲ. ಒಂದೇ ಊರಿನಲ್ಲಿ, ಒಂದೇ ಬ್ಯಾಂಕಿನಲ್ಲಿ, ಒಂದೇ ಬಣ್ಣದ ಪಾಸುಪುಸ್ತಕಗಳಲ್ಲಿ ಎರಡು ಜಾತಿಗಳಾದಂತಾಯಿತು.

ಪ್ರತಿಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಸರಕಾರದ ಬೊಕ್ಕಸವು ಜನರ ಬೆವರು. ಕಾರು, ತೋಟ, ಬಾಡಿಗೆಯ ಮನೆಗಳುಳ್ಳವರು ಬಡವರ ಅಕ್ಕಿಯನ್ನು ಒಯ್ಯುವುದನ್ನು ನಾವೆಲ್ಲರೂ ಕಂಡವರೇ. ಪರೀಕ್ಷೆಯೇ ಕೂಡದೆಂದರೆ ಕಳ್ಳನಿಗೆ ಬೀಗದ ಕೈ ಕೊಟ್ಟಂತಾದೀತು. ನೇರವಾಗಿ ಖಾತೆಗೇ ಹಣ ಬರುವುದರಿಂದ ನಡುವಿನವರ ಕೈಗೆ ಅದು ಅಂಟುವುದು ಕಡಮೆಯಾಗಿದೆಯೆಂಬುದನ್ನೂ ಒಪ್ಪುತ್ತೇನೆ. ಗೃಹಲಕ್ಷ್ಮಿಯ 2,000 ರೂಪಾಯಿ 2023ರ ಆಗಸ್ಟಿನಿಂದ ಮನೆಯ ಯಜಮಾನಿಯ ಖಾತೆಗೇ ಜಮೆಯಾಗತೊಡಗಿದುದು ಎಷ್ಟೋ ಮನೆಗಳಲ್ಲಿ ಆಕೆಯ ಮಾತಿಗೆ ತೂಕ ತಂದಿದೆ. ಆದಕಾರಣ ಪರೀಕ್ಷಿಸಬೇಕೆ ಎಂಬುದು ಪ್ರಶ್ನೆಯಲ್ಲ. ಹೇಗೆ ಪರೀಕ್ಷಿಸಬೇಕೆಂಬುದೇ ಪ್ರಶ್ನೆ.

2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ನಡೆದುದನ್ನು ನೆನಪಿಗೆ ತಂದುಕೊಳ್ಳಿ. ವಾರ್ಷಿಕ ವರಮಾನ 1,20,000 ರೂಪಾಯಿ ಮೀರಿದವರು, ಆದಾಯತೆರಿಗೆಯ ವಿವರಪತ್ರ ಸಲ್ಲಿಸಿದವರು ಎಂದು ಕಡತಗಳನ್ನು ತಾಳೆನೋಡಿ ಅನೇಕರ ಬಿ.ಪಿ.ಎಲ್. ಪಡಿತರ ಚೀಟಿಗಳನ್ನು ರದ್ದುಪಡಿಸಿದರು, ಇಲ್ಲವೆ ಎ.ಪಿ.ಎಲ್.ಗೆ ಬದಲಾಯಿಸಿದರು. ಸಾಲ ಪಡೆಯುವುದಕ್ಕಾಗಿ ವಿವರಪತ್ರ ಸಲ್ಲಿಸಿ, ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಬೇಕಾಗಿಲ್ಲದಿದ್ದ ಬಡವರೂ ಆ ಬಲೆಯಲ್ಲಿ ಸಿಕ್ಕಿಬಿದ್ದರು. ಕೂಗೆದ್ದ ಬಳಿಕ, ತೆರಿಗೆ ಕಟ್ಟುವವರನ್ನೂ ಸರಕಾರಿ ನೌಕರರನ್ನೂ ಬಿಟ್ಟು ಉಳಿದವರಿಗೆ ಚೀಟಿಯನ್ನು ಹಿಂದಿರುಗಿಸಬೇಕೆಂದು ಮುಖ್ಯಮಂತ್ರಿಗಳು ಸೂಚಿಸಿದರು. ತಪ್ಪನ್ನು ತಿದ್ದಿದುದು ಒಳ್ಳೆಯದೇ. ಆದರೆ ಯಂತ್ರವು ವಿವರಪತ್ರವನ್ನು ಕಂಡಿತೇ ಹೊರತು ಅದನ್ನು ಸಲ್ಲಿಸಿದ ಕಾರಣವನ್ನು ಕಾಣಲಿಲ್ಲ. ಮೊದಲೇ ಒಂದು ಮಾತು ಕೇಳಿದ್ದರೆ ಎಷ್ಟು ಮನೆಗಳ ಕಣ್ಣೀರು ಉಳಿಯುತ್ತಿತ್ತು!

ಹೊರದೇಶಗಳಲ್ಲಿಯೂ ಇದೇ ಕತೆ. ಆಸ್ಟ್ರೇಲಿಯಾದಲ್ಲಿ 2015ರಿಂದೀಚೆಗೆ ಕೆಲವು ವರ್ಷ, ಸಹಾಯಧನ ಪಡೆದವರ ವಾರ್ಷಿಕ ವರಮಾನವನ್ನು ತೆರಿಗೆಯ ಕಡತದಿಂದ ತೆಗೆದು, ಅದನ್ನು ಪಕ್ಷಕ್ಕಿಷ್ಟೆಂದು ಸಮನಾಗಿ ಹಂಚಿ, ನೀವು ಹೆಚ್ಚಾಗಿ ಪಡೆದಿರುವಿರೆಂದು ಯಂತ್ರದ ಮೂಲಕ ವಸೂಲಿಯ ಪತ್ರಗಳನ್ನು ಕಳುಹಿಸಿದರು. ಮೂರು ತಿಂಗಳು ದುಡಿದು ಒಂಬತ್ತು ತಿಂಗಳು ಕೆಲಸವಿಲ್ಲದೆ ಕುಳಿತವನ ಬಾಳು ಸರಾಸರಿಯಲ್ಲಿ ಕಾಣುವುದೆ? ಲಕ್ಷಾಂತರ ಮಂದಿ ತಾವು ಮಾಡದ ಸಾಲಕ್ಕೆ ಗುರಿಯಾದರು. 2023ರಲ್ಲಿ ಅಲ್ಲಿನ ರಾಯಲ್ ಕಮಿಷನ್ ಆ ಪದ್ಧತಿಯು ಅನ್ಯಾಯವೂ ಕಾನೂನುಬಾಹಿರವೂ ಆಗಿತ್ತೆಂದು ನಿರ್ಣಯಿಸಿತು. ಬ್ರಿಟನ್ನಿನಲ್ಲಿ 2025ರ ಜನವರಿಯಲ್ಲಿ ಮಂಡಿಸಿದ ಮಸೂದೆಯೊಂದು, ಕೆಲವು ಬಗೆಯ ಸಹಾಯಧನ ಜಮೆಯಾಗುವ ಖಾತೆಗಳನ್ನು ಬ್ಯಾಂಕುಗಳೇ ಶೋಧಿಸಿ, ಅರ್ಹತೆಯ ಮಿತಿಯನ್ನು ಮೀರಿದಂತೆ ತೋರುವವುಗಳನ್ನು ಸರಕಾರಕ್ಕೆ ತಿಳಿಸಬೇಕೆಂದಿತು. ಅಲ್ಲಿನ ಮುಖ್ಯ ಸಹಾಯಧನಕ್ಕೆ ಆ ಮಿತಿ 16,000 ಪೌಂಡು. ಅನುಮಾನವಿದ್ದವರನ್ನು ಪರೀಕ್ಷಿಸುವುದು ಒಂದು. ಎಲ್ಲರನ್ನೂ ಪರೀಕ್ಷಿಸಿ ಅನುಮಾನವನ್ನು ಹುಡುಕುವುದು ಇನ್ನೊಂದು. ಅಲ್ಲಿನ ಜನರು ವಾದಿಸಿದುದು ಈ ಭೇದವನ್ನು ಹಿಡಿದೇ.

ಹಳೆಯ ಪಂಡಿತನಾದ ನನಗೆ ಇಲ್ಲಿ ಒಂದು ಧಾತುವಿನ ನೆನಪಾಗುತ್ತದೆ. ಸಂಸ್ಕೃತದಲ್ಲಿ 'ಗುಪ್' ಎಂದರೆ ರಕ್ಷಿಸು ಎಂದರ್ಥ. ಅದರಿಂದಲೇ ರಕ್ಷಕನಿಗೆ 'ಗೋಪ್ತಾ' ಎಂಬ ಹೆಸರು. ಕಾವ್ಯಗಳಲ್ಲಿ ರಾಜನನ್ನು ಹೀಗೆ ಕರೆಯುವುದುಂಟು. ಅದರಿಂದಲೇ 'ಗುಪ್ತ', 'ಗೋಪನ', 'ಗೌಪ್ಯ'. ಕಾಪಾಡುವುದೂ ಮರೆಯಲ್ಲಿಡುವುದೂ ನಮ್ಮ ಹಿರಿಯರಿಗೆ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದುವು. ಕೌಟಿಲ್ಯನಾದರೋ ಮಹಾ ಸಂಶಯಗ್ರಸ್ತನು. ಆದರೂ ಅವನು ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿದ್ದು ಅಧಿಕಾರಿಗಳ ವಿಷಯದಲ್ಲಿ. ಮಕ್ಕಳು, ವೃದ್ಧರು, ಅನಾಥರು ಇವರನ್ನು ಪೋಷಿಸಬೇಕಾದುದು ರಾಜನ ಕರ್ತವ್ಯವೆಂದೇ ಅವನು ಹೇಳಿದನು. ಕರ್ತವ್ಯವಾಗಿ ಕೊಡುವವನು ಭಿಕ್ಷೆ ನೀಡುವವನಂತೆ ಜೋಳಿಗೆಯನ್ನು ಕೊಡವಿ ನೋಡಲಾಗದು.

ಹಾಗಾದರೆ ಆಗಬೇಕಾದುದೇನು? ನೋಡುವುದಿದ್ದರೆ ಏನನ್ನು ನೋಡುವರೆಂದು ಮೊದಲೇ ಕನ್ನಡದಲ್ಲಿ, ಸಾಮಾನ್ಯರಿಗೆ ತಿಳಿಯುವಂತೆ ಹೇಳಬೇಕು. ಅರ್ಹತೆಗೆ ಬೇಕಾದಷ್ಟನ್ನೇ ನೋಡಬೇಕು. ಮುದುಕಿ ಯಾವ ಔಷಧದಂಗಡಿಗೆ ಎಷ್ಟು ಕೊಟ್ಟಳೆಂಬುದು ಸರಕಾರಕ್ಕೆ ಬೇಡ. ಸಂಶಯ ಬಂದರೆ ಹಣವನ್ನು ನಿಲ್ಲಿಸುವ ಮುನ್ನ ಕಾಗದ ಕಳುಹಿಸಿ, ಸಮಾಧಾನವನ್ನು ಕೇಳಿ, ಬಳಿಕ ತೀರ್ಮಾನಿಸಬೇಕು. ಕೊನೆಯದಾಗಿ, ಠೇವಣಿಯ ಮಿತಿಯು ಮಾಸಾಶನದೊಡನೆ ಏರುತ್ತಿರಬೇಕು. ಔಷಧಕ್ಕೂ ಅಂತ್ಯಕ್ರಿಯೆಗೂ ಕೂಡಿಟ್ಟ ಹಣವನ್ನು ಸಿರಿತನವೆಂದು ಎಣಿಸಲಾಗದು.

ನಮ್ಮ ಮನೆಗಳಲ್ಲಿ ಮಾಡಬಹುದಾದುದೂ ಉಂಟು. ಮನೆಯ ಹಿರಿಯರ ಪಾಸುಪುಸ್ತಕವನ್ನು ಆಗಾಗ ಬ್ಯಾಂಕಿನಲ್ಲಿ ಬರೆಯಿಸಿಕೊಡಿರಿ. ದೊಡ್ಡ ಮೊತ್ತ ಜಮೆಯಾದರೆ ಅದು ಎಲ್ಲಿಂದ ಬಂತೆಂದು ಒಂದು ಪುಸ್ತಕದಲ್ಲಿ ಗುರುತಿಟ್ಟುಕೊಳ್ಳಿರಿ. ಮಗನ ಹಣವನ್ನಾಗಲಿ ನಾದಿನಿಯ ಚೀಟಿಯ ಹಣವನ್ನಾಗಲಿ ಅಜ್ಜಿಯ ಖಾತೆಗೆ ಹಾಕಿಸದಿರಿ. ಕಚೇರಿಯಿಂದ ಪತ್ರ ಬಂದರೆ ಬಾಯ್ಮಾತಿನಲ್ಲಿ ಮುಗಿಸದೆ ಬರಹದಲ್ಲಿ ಉತ್ತರ ಕೊಟ್ಟು ಸ್ವೀಕೃತಿಯನ್ನು ಪಡೆಯಿರಿ. ಎಲ್ಲಕ್ಕಿಂತ ಮಿಗಿಲಾಗಿ, ಅವರ ಪಾಸುಪುಸ್ತಕವನ್ನು ಅವರನ್ನು ಕೇಳದೆ ತೆರೆಯದಿರಿ. ಸರಕಾರಕ್ಕೆ ಹೇಳುವ ಧರ್ಮವನ್ನು ಮೊದಲು ನಾವು ಪಾಲಿಸಬೇಕಷ್ಟೆ.

ಆ ಸಾಯಂಕಾಲ ನಾನು ವೃದ್ಧೆಗೆ, "ಅಕ್ಕಾ, ಅಡಗಿಸಿಡುವಂತಹ ತಪ್ಪನ್ನು ನೀವು ಮಾಡಿಲ್ಲ. ಹಣ ಬ್ಯಾಂಕಿನಲ್ಲಿಯೇ ಇರಲಿ. ಯಾರಾದರೂ ಕೇಳಿದರೆ ನಾನೇ ನಾಡಕಚೇರಿಗೆ ಜತೆಯಲ್ಲಿ ಬಂದು ಇದ್ದುದನ್ನು ಇದ್ದಂತೆ ಹೇಳುವೆ" ಎಂದೆನು. ಆಕೆ ತಲೆಯಾಡಿಸಿ, ಪುಸ್ತಕವನ್ನು ಎರಡು ತೊಟ್ಟೆಗಳಲ್ಲಿ ಸುತ್ತಿಕೊಂಡು ಹೋದರು.

ಮುಂದಿನ ವಾರ ದಾರಿಯಲ್ಲಿ ಸಿಕ್ಕಿದಾಗ ನೆಲವನ್ನು ನೋಡುತ್ತ, "ತೆಗೆದುಬಿಟ್ಟೆ ಮಾಷ್ಟ್ರೇ. ನಿಮ್ಮ ಮಾತು ಸರಿಯೇ. ಆದರೆ ಪಿಂಚಣಿ ನಿಂತುಹೋದರೆ ಮತ್ತೆ ಬರಿಸಲು ಓಡಾಡುವ ಕಾಲು ನನಗಿಲ್ಲವಲ್ಲ" ಎಂದರು.

ನಾನು ಆಕೆಯನ್ನು ಆಕ್ಷೇಪಿಸಲಿಲ್ಲ. ಎರಡಾಣೆಯ ಪಿಗ್ಮಿಯಿಂದ ಮೊದಲುಗೊಂಡು ನೂರು ವರ್ಷಗಳಲ್ಲಿ ಈ ಸೀಮೆಯ ಹೆಂಗಸರ ಹಣವನ್ನು ಡಬ್ಬಿಯಿಂದ ಬ್ಯಾಂಕಿಗೆ ತಂದ ನಂಬಿಕೆಯು, ಅಂಗಡಿಯ ಒಂದು ಮಾತಿಗೆ ಮರಳಿ ಮನೆಯ ಕತ್ತಲೆಗೆ ಹೋಯಿತಲ್ಲ ಎಂದು ಮರುಗಿದೆನು. ಹಣವನ್ನು ಎಲ್ಲಿಟ್ಟಿದ್ದೀರೆಂದು ಮಾತ್ರ ಕೇಳಲಿಲ್ಲ. ಅದು ಆಕೆಯ ಗುಟ್ಟು. ಇತ್ಯಲಂ.